ಎಪ್ಪತ್ನಾಕು ದಿವಸ

ಕಾದ ಮರಳಿಗೆ ಅಕ್ಕಿ ಸುರವಿದರ
ಹತ್ತು ಎಣಿಸೂದರೊಳಗ ಅರಳತೈತಿ.
ಬೆಳ್ಳಗ, ಹಗರ, ಉಸಿರು ಬಿಟ್ಟರ ಹಾರೂವಂಗ.
ಹತ್ತೊಂಬತ್ತು ವರ್ಷ ಈ ಹೂವಿನ ಬೆಳಿ ತಗದೀನಿ
ಹಳೇ ಹುಬ್ಬಳ್ಳಿ ಭಟ್ಟಿಯೊಳಗ.
ದುರ್ಗದಬೈಲಿನ ಗಿರ್ಮಿಟ್ಟಿನಾಗ ನೀವು ಅಗದದ್ದು
ನನ್ನ ಕೈಯ ಹೂವ ಇರಬೇಕು.
ಒಂದೂ ಈವರೆಗೆ ಮೊಳಕಿ ಒಡದಿಲ್ಲ.
ಒಡೀಲಿ ಅಂತ ಯಾರೂ ಮಂಡಕ್ಕಿ ಹುರಿಯೂದಿಲ್ಲ.

ಏಳು ವರ್ಷ ದಾವಲಬಿ ಒಬ್ಬಾಕಿನ ತಿರಗ್ಯಾಳ.
ಮುಳಗುಂದದ ದರ್ಗಾಕ್ಕ ಸಕ್ಕರಿ ಓದಿಸಿ,
ಸ್ಕ್ಯಾನಿಂಗಿಗೆ ನೀರು ಕುಡದು ಕಾಲು ಬಿಗಿಹಿಡದು ಕುಂತು,
ತೋಳಿನ ಮ್ಯಾಲ ರಕ್ತ ತಗದ ನೀಲಿ ಕಲೆ ಸೆರಗಿನಾಗ ಮುಚ್ಚಿ.
ನಮ್ಮವ್ವ ಎದುರುಮನಿಯಾಕಿ ಮುಂದ
'ಭೂಮೀನ ಬಂಜರೈತಿ ಬಿಡವಾ' ಅಂದದ್ದು
ಗ್ವಾಡಿ ಈಚಿಗೆ ಕೇಳಿಸಿತ್ತು.
ನಾ ಬೀಡಿ ಹಚ್ಚಿದ್ದೆ.

ಹೊಸಾ ಡಾಕ್ಟರು, ಕಂಠಿ ಬಾಯಾರು, ಫೈಲು ತಿರುವ್ಯಾಡಿ
'ಇಷ್ಟು ಕಾಗದದಾಗ ಯಜಮಾನರದು ಒಂದೂ ಇಲ್ಲಲಾ?' ಅಂದ್ರು.

ಪ್ಲಾಸ್ಟಿಕ್ ಬಾಟ್ಲಿ ಮ್ಯಾಲ ಹೆಸರು:
ಮೌಲಾಸಾಬ ಬದಲಿ ಮೌಲಸಾಬ.
ಒಂದು ದೀರ್ಘ ಅಲ್ಲೇ ಉದುರಿತ್ತು.
ಸಂಡಾಸಿನ ಚಿಲಕ ಸರಿ ಇರಲಿಲ್ಲ,
ಎಡಗಾಲಲೆ ಬಾಗಿಲಾ ಒತ್ತಿಹಿಡದು...
ಇರಲಿ, ಅದು ಬ್ಯಾಡ.

'ಕೆಲಸ?' 'ಭಟ್ಟಿ ರೀ.'
'ಎಷ್ಟು ತಾಸು?' 'ಹತ್ತು. ಸಂಕ್ರಾಂತಿ ಮುಂದ ಹದಿಮೂರು.'
'ಉರಿ ಎಷ್ಟೆತ್ತರಕ್ಕ ಬರತೈತಿ?'
ಟೊಂಕದ ಕೆಳಗ ಕೈ ಹಿಡದು ತೋರಿಸಿದೆ.
ಬಾಯಾರ ಪೆನ್ನು ನಿಂತಿತು.

'ತಂಪಿರಲಿ ಅಂತನ ದೇವರು
ಅವನ್ನ ಮೈಯಿಂದ ಹೊರಗ ತೂಗಬಿಟ್ಟಾನ.
ನೀವು ಒಯ್ದು ಒಲಿ ಮುಂದ ಕುಂದ್ರಿಸೀರಿ.
ಕಾವಿಗೆ ಒಳಗ ಕಿಡಿ ಏಳತಾವ, ಬೀಜಕ್ಕ ತುಕ್ಕು ಹಿಡೀತೈತಿ.
ಕಿಡಿ ನುಂಗಾಕ ಈ ಗುಳಿಗಿ, ಆಂಟಿಆಕ್ಸಿಡೆಂಟ್.
ನೆಲ್ಲಿಕಾಯಿ, ಪ್ಯಾರಲಹಣ್ಣು, ಹಸರು ಪಲ್ಲೆ ತಿನ್ರಿ, ಬೀಡಿ ಬಿಡ್ರಿ.
ಆದರ ಒಲಿ ಬಿಡದ ಗುಳಿಗಿ ನುಂಗಿದರ
ಉರಿಯೂ ಬಣವಿಗೆ ತಂಬಗಿ ನೀರು ಹಾಕಿದಂಗ.
ಹೊಸಾ ಬೀಜ ಕಟ್ಟಾಕ ಎಪ್ಪತ್ನಾಕು ದಿವಸ ಬೇಕು.
ಗ್ಯಾರಂಟಿ ನಾ ಕೊಡೂದಿಲ್ಲ.'

ಕಾಗದಾನ ಖಾಲಿ ಚೀಲದ ಬುಡಕ ಮುಚ್ಚಿಟ್ಟಿದ್ದೆ.
ದಾವಲಬಿ ಓದಿದಳು. ಮಡಚಿದಳು.
'ನಮ್ಮವ್ವ ಬೀಜದ ಜ್ವಾಳಾ ಎಂದೂ ಒಲಿ ಮಗ್ಗಲಕ ಇಟ್ಟಾಕಿ ಅಲ್ಲ.
ಬೂದಿ ಕಲಸಿ, ಬೇವಿನೆಲಿ ಹಾಕಿ,
ಕತ್ತಲಮೂಲ್ಯಾಗ ಗಡಗಿ ಹುಗೀತಿದ್ದಳು' ಅಂದು
ಆ ಕಡೆ ಹೊಳ್ಳಿ ಮಲಗಿದಳು.
ಬೆನ್ನು ಅಲಗತಿತ್ತು. ಅಳೂದೋ ನಗೂದೋ
ಕೇಳಾಕ ನನಗ ಧೈರ್ಯ ಬರಲಿಲ್ಲ.

ಮುಂಜಾನೆ ಎಲಿಗೆ ಸುಣ್ಣಾ ಹಚ್ಚಕೋಂತ ಕುಂತ ಅವ್ವಗ ಹೇಳಿದೆ:
'ಬಂಜರ ಭೂಮಿ ಅಲ್ಲ ಬೇ. ಹುರದ ಬೀಜ.'
ಬೆರಳಿನ ಸುಣ್ಣಾ ಹಂಗ ಒಣಗಿತು.

ಸಾವಕಾರ ನನ್ನ ಜರಡಿ ಕಡೆ ಹಾಕ್ಯಾನ,
ದಿನಾ ನೂರಾ ಇಪ್ಪತ್ತು ರೂಪಾಯಿ ಕಮ್ಮಿ.
ನಾ ನಿಂದ್ರತಿದ್ದ ಜಾಗಾದಾಗ ಈಗ ಇರ್ಫಾನ.
ಇಪ್ಪತ್ತೂ ತುಂಬಿಲ್ಲ, ಮನ್ನೆ ನಿಶ್ಚಯ ಆಗೇತಿ,
ಬಿಗಿ ಪ್ಯಾಂಟು, ಕಿವಿಯಾಗ ಹಾಡು,
ಉರಿಗೆ ಹೊಟ್ಟಿ ಹಚ್ಚಿ ನಿಂತ.
'ಹಿಂದ ಸರಿಯೋ' ಅಂದೆ. ನಕ್ಕ.
ಭಟ್ಟಿಯ ಬುಸ್ ಬುಸ್ ನಡುವ, ಹನ್ನೆರಡು ಮಂದಿ ಕೇಳೂವಂಗ
ಅಂದುಬಿಟ್ಟೆ: 'ನಂದು ಸುಟ್ಟೈತಿ. ಇಲ್ಲೇ ನಿಂತು ಸುಟ್ಟೈತಿ.'
ಜರಡಿ ನಿಂತವು.
ಮರಳು ಮಾತ್ರ ಸಿಡೀತಿತ್ತು.
ಯಾರೂ ಏನೂ ಅನಲಿಲ್ಲ.
ಸ್ವಲ್ಪ ಹೊತ್ತಿಗೆ ಹುಡುಗ ಒಂದು ಗೇಣು ಹಿಂದ ಸರದ.
ಗೇಣು ಸಾಲೂದಿಲ್ಲ. ನಾಳೆ ಮತ್ತ ಹೇಳಬೇಕು.

ಇವತ್ತು ನಲವತ್ತೊಂದನೇ ದಿನ.
ಕ್ಯಾಲೆಂಡರಿನಾಗ ದಾವಲಬಿ ಇದ್ದಲೀಲೆ ಗೀಟು ಹಾಕತಾಳ.
ಕಿಟಕ್ಯಾಗ ಉಪ್ಪು ಸವರಿದ ನೆಲ್ಲಿಕಾಯಿ.
ಪುಷ್ಯದ ಥಂಡಿ, ಗಡಗಡ ಹಲ್ಲು ಕಡಿಯೂ ಹೊತ್ತಿನ್ಯಾಗ
'ಬಿಸಿನೀರು ಬ್ಯಾಡಂದಾರ ಬಾಯಾರು' ಅಂತ
ಹಂಡೇದ ತಣ್ಣೀರು ಬುದುಂಗನ ನನ್ನ ಬೆನ್ನಿಗೆ ಸುರವಿ
ಏಳು ವರ್ಷದ ಸೇಡು ತೀರಿಸಿಕೊಂಡಾಕಿ ಹಂಗ ನಗತಾಳ.
ನಾ ಚೀರತೀನಿ, ಓಣಿ ನಾಯಿ ಬೊಗಳತಾವ.
ಮೂವತ್ಮೂರು ಉಳದಾವ.